ಒಳಗಿಡುವ ತಟ್ಟೆ, ಹೊರಗಿಡುವ ತಟ್ಟೆ

ಜರ್ಮನ್‌ಟೌನ್, ಮೇರಿಲ್ಯಾಂಡ್
೨೯ ಆಗಸ್ಟ್ ೧೯೯೬

ಪ್ರೀತಿಯ ಚಿರಾಗಣ್ಣಾ,

ಹೇಗಿದ್ದೀಯ? ಹಾಸ್ಟೆಲ್ ವಾರ್ಡನ್ ಕಲಿಸಿದ ಅಭ್ಯಾಸ, ಆರೋಗ್ಯ ಕೇಳದೆ ಪತ್ರ ಶುರು ಮಾಡಲು ನನಗೆ ಬರುವುದಿಲ್ಲ. ನಿನ್ನ ಹಡಗು ಕಾಣೆಯಾಗಿ ಒಂಬತ್ತು ತಿಂಗಳು. ಹಡಗಿನ ಆಫೀಸಿಗೆ ಹಾಕಿದ ಹಿಂದಿನ ಎರಡು ಪತ್ರಗಳೂ ವಾಪಸ್ ಬಂದವು. ನಾನು ಚೆನ್ನಾಗಿದ್ದೇನೆ ಎಂದರೆ ಸುಳ್ಳಾಗುತ್ತದೆ. ಕಾಲೇಜಿನ ಮೊದಲ ವಾರವೇ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಪ್ರಯೋಗ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ನಾನಿರುವುದು ಗೈಕ್ ಲಾನ್ ಆಂಟಿಯ ಅಪಾರ್ಟ್‌ಮೆಂಟಿನಲ್ಲಿ, ಪೆನಾಂಗ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅದೇ ಆಂಟಿ. ಅವರ ಅಂಗಳದ ದಾತುಕ್ ಗುಡಿ ನೆನಪಿದೆಯಲ್ಲ? ತಾವೊ ಪಂಥದ ಚೀನೀಯರ ಮನೆ, ಗುಡಿಯಲ್ಲಿ ಮಲಯ ಮುಸಲ್ಮಾನ ಅಜ್ಜನೊಬ್ಬನ ಆತ್ಮ. ಅವನಿಗೆ ಹಂದಿಮಾಂಸ ಇಡುವಂತಿಲ್ಲ, ನಮ್ಮಮ್ಮನ ಬಳ್ಳಿಯ ವೀಳ್ಯದೆಲೆಯೇ ಆಗಬೇಕು. ಅಮ್ಮ ಅದನ್ನು ಉಡುಪಿ ಕಡೆಯ ಭೂತವೆಂದೇ ತಿಳಿದು ಕೈಮುಗಿಯುತ್ತಿದ್ದಳು. ನೀನೋ, ಪ್ರೇತಗಳು ತಿರುಗಾಡುವ ಚೀನೀ ಏಳನೆಯ ತಿಂಗಳ ನಾಟಕದಲ್ಲಿ ಅವುಗಳಿಗೆಂದು ಖಾಲಿ ಬಿಟ್ಟ ಮೊದಲ ಸಾಲಿನಲ್ಲೇ ಕೂತು ಆಂಟಿಯಿಂದ ಕಿವಿ ಹಿಂಡಿಸಿಕೊಂಡವನು.

ನಿನ್ನೆ ಆ ತಿಂಗಳ ಹುಣ್ಣಿಮೆ. ಆಂಟಿ ತೀರಿಕೊಂಡ ತಮ್ಮವರ ಹೆಸರುಗಳನ್ನು ಹಳದಿ ಕಾಗದದಲ್ಲಿ ಬರೆದು, ಮನೆಯೊಳಗೆ ಹಿರಿಯರ ಪೀಠದ ಮುಂದೆ ಎಡೆಯಿಟ್ಟರು. ಯಾರೂ ಇಲ್ಲದ ಆತ್ಮಗಳಿಗೆ ಹೊರಗೆ, ಪಾರ್ಕಿಂಗ್ ಲಾಟ್ ಅಂಚಿನಲ್ಲಿ. ಸಂಜೆ ಒಂದು ತಟ್ಟೆ ಉಳಿಯಿತು. “ನಿನ್ನ ಅಣ್ಣಂಗೆ ಎಲ್ಲಿ ಇಡಲಿ ಲಾ? ಹೊರಗಿಟ್ರೆ ದಿಕ್ಕಿಲ್ಲದವರ ಜೊತೆ ನೂಕಾಡಿ ತಿನ್ಬೇಕು. ಒಳಗಿಡೋಕೆ ಹೆಸರು ಬೇಕು” ಎಂದರು. ಬರೆದರೆ ನೀನಿಲ್ಲವೆಂದು ನಾನೇ ಒಪ್ಪಿದ ಹಾಗೆ. ಬರೆಯದಿದ್ದರೆ ನೀನು ಅನಾಥ. ಬದುಕಿದ್ದರೆ ಎರಡೂ ತಪ್ಪಲ್ಲವೇ ಎಂದೆ. ಆಂಟಿ ತಟ್ಟೆಯನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಕಾಗದ, ಪೆನ್ ಇಟ್ಟು ಹೋದರು. ಅನ್ನ ಆರುತ್ತಿತ್ತು.

ಅಪ್ಪ ಫೋನಿನಲ್ಲಿ ಇಲ್ಲಿನ ಹವೆ ಹೇಗಿದೆ ಎಂದಷ್ಟೇ ಕೇಳುತ್ತಾರೆ. ಅಮ್ಮ ಪ್ರತಿ ಶುಕ್ರವಾರ ನಿನ್ನ ಶರ್ಟುಗಳಿಗೆ ಇಸ್ತ್ರಿ ಹಾಕುತ್ತಾಳಂತೆ. ಅವಳಿಗೆ ಬೇಡವೆನ್ನುವ ಧೈರ್ಯ ಯಾರಿಗೂ ಇಲ್ಲ.

ಎಲ್ಲಿದ್ದರೂ ಹಸಿದಿರಬೇಡ.

ನಿನ್ನ ತಂಗಿ,
ಅಪೂರ್ವಾ

ತಾ.ಕ.: ಬಸ್ಸಿಗೆ ಹೊತ್ತಾಯಿತು. ಅಣ್ಣಾ, ತಟ್ಟೆ ಒಳಗೇ ಇಟ್ಟೆ. ನಿನ್ನ ಪೂರ್ತಿ ಹೆಸರು ಬರೆದೆ. ಅಮ್ಮನಿಗೆ ಗೊತ್ತಿಲ್ಲ, ಅದಕ್ಕೇ ಈ ಪತ್ರವನ್ನೂ ಮನೆಗೆ ಕಳಿಸದೆ ನಿನ್ನ ಹಡಗಿನ ಆಫೀಸಿಗೇ ಹಾಕುತ್ತಿದ್ದೇನೆ. ಸಿಕ್ಕಿದರೆ ಫೋನ್ ಮಾಡಿ ಬೈದುಬಿಡು. ಮುಂದಿನ ವರ್ಷದ ಎಡೆಗೆ ನಿನ್ನಣ್ಣನಿಗೆ ಏನು ಇಷ್ಟವೋ ಅದನ್ನೇ ಮಾಡುತ್ತೇನೆ, ಹೇಳು ಎಂದು ಆಂಟಿ ಕೇಳಿದರು. ಹೇಳಿಬಿಟ್ಟೆ.