ತೂಬಿಗೆ ಸಿಕ್ಕ ಸರಸ್ವತಿ

೧೭ ಅಕ್ಟೋಬರ್ ೧೯೮೬, ಶುಕ್ರವಾರ, ಬಳ್ಳಾರಿ

ಸಕಲ ಲೋಕಕ್ಕೂ ತಿಳಿಯಲಿ: ನಮ್ಮ ವಿಶ್ವವಿದ್ಯಾಲಯ ಕೇಂದ್ರದ ಅಂಗಳದಲ್ಲಿ ಈಗ ಒಂದೇ ಒಂದು ಪ್ಲಾಸ್ಟಿಕ್ ಚೀಲವೂ ಇಲ್ಲ!

ಎಲ್ಲವೂ ಕಾಲುವೆಯಲ್ಲಿವೆ. ದಸರೆ ಪೂಜೆಯ ಪ್ರಸಾದ ಹಂಚಿದ ಚೀಲಗಳ ಮೇಲೆ ಸರಸ್ವತಿಯ ಚಿತ್ರವಿತ್ತು. ದೇವಿಯನ್ನು ಕಸದ ಬುಟ್ಟಿಗೆ ಹಾಕುವುದುಂಟೇ? ಹುಡುಗರು, ಮೇಷ್ಟರಾದ ನಾವು, ಎಲ್ಲರೂ ಕೈಮುಗಿದು ನೀರಿಗೆ ಬಿಟ್ಟೆವು.

ಇವತ್ತು ಕೊಳಗಲ್ಲಿನ ರೈತ ಕೆಂಚಣ್ಣ ಆ ಚೀಲಗಳಲ್ಲಿ ಕೈಗೆ ಸಿಕ್ಕಷ್ಟನ್ನು ಹೊತ್ತು ತಂದು ಪ್ರಿನ್ಸಿಪಾಲರ ಮೇಜಿನ ಮೇಲೆ ಸುರಿದ. ಕೊಳೆತ ಅನ್ನದ, ಸತ್ತ ಮೀನಿನ ನಾತ. ಇನ್ನೂ ನನ್ನ ಮೂಗಿನಲ್ಲೇ ಇದೆ.

"ಉಳಿದಾವು ಒಳಗ ಸಿಕ್ಕೊಂಡು ಕಾಲುವಿ ತೂಬು ಕಟ್ಟೈತ್ರಿ. ತೆನಿ ಬರೋ ಹೊತ್ನಾಗ ಗದ್ದಿಗೆ ನೀರಿಲ್ಲ. ನಿಮ್ಮ ಸರಸ್ವತೀನ ನೀವ ಇಟ್ಕೋರಿ."

ಪ್ರಿನ್ಸಿಪಾಲ್ ತಿಪ್ಪೇರುದ್ರಪ್ಪನವರು ಮೂಗು ಮುಚ್ಚಿಕೊಂಡೇ, "ಪ್ಲಾಸ್ಟಿಕ್ ಕಡಿಮಿ ಮಾಡಾಕ ಒಂದು ಸಮಿತಿ ಮಾಡೋಣು" ಎಂದರು.

"ಸಮಿತಿ ಯಾಕ್ರಿ ಸರ್? ಮುಂದಿನ ಸಲ ಮುತ್ತಲ ಎಲ್ಯಾಗ ಪ್ರಸಾದ ಕೊಡ್ರಿ. ಚೀಲಾನ ಬೇಕಂದ್ರ ನಮ್ಮಿಬ್ಬರ ಫೋಟೋ ಹಾಕಿಸ್ರಿ, ಜನ ಸೀದಾ ಬುಟ್ಟಿಗೇ ಒಗೀತಾರ" ಎಂದೆ.

ಕೆಂಚಣ್ಣ ನಗಲಿಲ್ಲ. ಅವನ ನೀರಿನ ಸರದಿ ನಾಳೆ ಸಂಜೆಗೆ ಮುಗಿಯುತ್ತದೆ. ಸಮಿತಿ ಸೇರುವುದು ಸೋಮವಾರ. ಥೂ, ನಮ್ಮ ಓದಿಗಿಷ್ಟು.

ಅರ್ಧಾಂಗಿ ಸುವರ್ಣಾ, ನನ್ನ ದಿನಚರಿಯನ್ನು ನೀನು ಕದ್ದು ಓದುತ್ತೀಯೆಂದು ಬಲ್ಲೆ. ಬೆಳಿಗ್ಗೆ ಹಳೇ ಲುಂಗಿ, ಕುಡುಗೋಲು ಬಾಗಿಲ ಬಳಿ ಇಟ್ಟಿರು. ತೂಬಿಗೆ ಇಳಿಯಬೇಕು.