ಚಪ್ಪಡಿ ಗುಡ್ಡಕ್ಕೆ ಅಂಗಳದ ದಾರಿ

ಜುಲೈ 10, ಸೋಮವಾರ

ಬರೆಯಬೇಕಂತೆ. ಕ್ಲಿನಿಕ್ಕಿನ ಸಿಸ್ಟರ್ ಬೆರೆನೀಸಳ ಅಪ್ಪಣೆ. ಬಿಪಿ ಏರಿದೆ, ಬರೀ ಗುಳಿಗೆ ಸಾಲದು, ಸಿಟ್ಟು ಬಂದಾಗ ಕೂಗಾಡುವ ಬದಲು ಬರೆಯಿರಿ, ಮಾತಾಡುವುದಿದ್ದರೂ ಮೊದಲು ಬರೆದುಕೊಂಡು ಆಮೇಲೆ ಮಾತಾಡಿ ಎಂದಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿ ಕುರಿಯ ಹಿಂದೆ ಕಳಿಸಿದ್ದರು ನನ್ನನ್ನು. ಬೆರಳು ಉಣ್ಣೆ ಕತ್ತರಿಗೆ ಒಗ್ಗಿದೆ, ಪೆನ್ನಿಗಲ್ಲ. ಹಾಗಂತ ಹೇಳಿದೆ. ಕೇಳಲಿಲ್ಲ. ಈ ಪುಸ್ತಕ ಕೈಗಿಟ್ಟಳು. ರಟ್ಟಿನ ಮೇಲೆ ಬೆಕ್ಕಿನ ಮರಿ. ಎಪ್ಪತ್ತು ದಾಟಿದವಳಿಗೆ ಬೆಕ್ಕಿನ ಮರಿ!

ಸರಿ. ಬರೆದಾಯಿತು. ಸಿಟ್ಟು ಇದ್ದಲ್ಲೇ ಇದೆ.

ಜುಲೈ 14, ಶುಕ್ರವಾರ

ನಾಳೆ ಆಕಾಶದವರು ಬರುತ್ತಾರೆ. ಚಂದ್ರನಿಲ್ಲದ ವಾರ ನೋಡಿ ಕೇಪ್‌ಟೌನಿನಿಂದ ಇಷ್ಟು ದೂರ, ಈ ಕರೂ ಬಯಲಿಗೆ, ಟೆಲಿಸ್ಕೋಪು ಹೇರಿಕೊಂಡು. ಗುಡ್ಡದ ತಲೆ ಚಪ್ಪಡಿ ಹಾಸಿದಂತೆ ಸಮ. ಅರ್ಧ ನನ್ನದು, ಅರ್ಧ ಪಕ್ಕದ ಫ್ಲೋರಿಸ್ ಎಸೌನದು. ಆದರೆ ಮೇಲಕ್ಕೆ ಗಾಡಿ ದಾರಿ ಒಂದೇ — ನನ್ನ ಗೇಟು, ನನ್ನ ಅಂಗಳ, ನನ್ನ ಅಡುಗೆಮನೆ ಕಿಟಕಿಯ ಮುಂದೆ.

ಅಣ್ಣ ಯೋನಾಸ್ ಬದುಕಿದ್ದಾಗಲೇ ಕಾಗದ ಆಗಿದೆ. ಅವರಿಗೆ ಅಂಗಳದಲ್ಲಿ ಗಾಡಿ ಓಡಿಸುವ ಹಕ್ಕು. ಆ ರಾತ್ರಿಗಳಲ್ಲಿ ನಾವು ಎರಡೂ ಮನೆಯವರು ಹೊರಗೆ ಬಿಳಿ ದೀಪ ಹಚ್ಚುವ ಹಾಗಿಲ್ಲ. ಬದಲಿಗೆ ದಾರಿಯ ರಿಪೇರಿ, ನೀರೆತ್ತುವ ಗಾಳಿ ಪಂಪಿನ ರಿಪೇರಿ ಅವರದು. ಯೋನಾಸ್ ಹೋದ ಮೇಲೆ ಕುರಿ ಮಾರಿದೆ. ಕಾಗದ ಉಳಿದಿದೆ.

ರೊಟ್ಟಿಗೆ ಹಿಟ್ಟು ಕಲಸಿದೆ. ಜಾಸ್ತಿಯಾಯಿತು.

ಜುಲೈ 16, ಭಾನುವಾರ

ಹೋದರು. ನಿನ್ನೆ ತಡವಾಗಿ ಬಂದವರದು ಒಂದು ಕಾರು. ಗೇಟಿನಲ್ಲೇ ಹೆಡ್‌ಲೈಟ್ ಆರಿಸಬೇಕು, ಅದು ಅವರ ನಿಯಮ. ಕಾರಿನ ಮುಂದೆ ಕೆಂಪು ಬ್ಯಾಟರಿ ಹಿಡಿದು ನಾನು ನಡೆಯಬೇಕು, ಇದು ನಮ್ಮ ರೂಢಿ. ಡ್ರೈವರ್ ಹೊಸಬ. ನನ್ನ ಹಿಮ್ಮಡಿಗೇ ತಾಗಿಸಿಕೊಂಡು ಬಂದ. ಬೈದೆ. ಗುಡ್ಡದ ತಲೆ ಮುಟ್ಟಿದ ಮೇಲೆ ಇಳಿದು ಕೈ ಕುಲುಕಿದ.

ಬೆಳಿಗ್ಗೆ ಎಲ್ಲರೂ ಅಡುಗೆಮನೆಯಲ್ಲಿ. ನಿದ್ದೆಗೆಟ್ಟ ಮುಖಗಳು, ಬಾಯಿ ಮಾತ್ರ ನಿಲ್ಲದು. ರೊಟ್ಟಿ ಖಾಲಿ. ಲಿಂಡೆಲ್ವಾ ಪಾತ್ರೆ ತೊಳೆದಳು — ಶಾಲೆ ಟೀಚರು, ಗುಂಪಿನ ಕೆಲಸ ನೋಡಿಕೊಳ್ಳುವವಳು. ಒಮ್ಮೆ ನನಗೂ ಟೆಲಿಸ್ಕೋಪಿನಲ್ಲಿ ತೋರಿಸಿದ್ದಳು. ಮಸುಕಾದ ಉಣ್ಣೆಯ ಉಂಡೆ. ಅದರೊಳಗೆ ಕೋಟಿ ಕೋಟಿ ಸೂರ್ಯರಿದ್ದಾರಂತೆ. ಕೊಳೆ ಉಣ್ಣೆ, ಎರಡನೇ ದರ್ಜೆ ಎಂದೆ. ನಕ್ಕು ನಕ್ಕು ಬಿದ್ದಿದ್ದಳು.

ಅಂಗಳದ ತುಂಬ ಬೂಟಿನ ಗುರುತು. ಗುಡಿಸಲಿಲ್ಲ. ಬೆನ್ನು ನೋವು.

ಆಗಸ್ಟ್ 6, ಭಾನುವಾರ

ಮೂರು ವಾರ ಬರೆಯಲಿಲ್ಲ. ಬರೆಯಲು ಏನಿತ್ತು? ಯಾರೂ ಬರಲಿಲ್ಲ, ಯಾರಿಗೂ ಬೈಯಲಿಲ್ಲ.

ಫ್ಲೋರಿಸನ ಕುರಿಗಳು ಈ ಸಲ ಬೇಗ ಈಯತೊಡಗಿವೆ. ನರಿ ಕಾಟ. ಗುಡ್ಡದ ಬುಡದಲ್ಲೇ ಅವನ ದೊಡ್ಡಿ, ಬರೀ ತಂತಿ ಬೇಲಿ. ಮೂಲೆ ಮೂಲೆಗೆ ಬಿಳಿ ದೀಪ ಕಟ್ಟಿದ್ದಾನೆ. ಮರಿ ಹಾಕುವ ಕಾಲಕ್ಕೆ ಎಲ್ಲರೂ ಕಟ್ಟುವುದೇ. ನಾವೂ ಕಟ್ಟುತ್ತಿದ್ದೆವು. ಆದರೆ ಶನಿವಾರ ಆಕಾಶದವರು ಬರುತ್ತಾರೆ.

ಹೋಗಿ ಹೇಳೋಣವೆಂದರೆ ಮಾತಿಲ್ಲ. ಆಕಾಶದವರು ಗೇಟಿನಲ್ಲಿ ಬೋರ್ಡು ಹಾಕಿದರು, ಸಹಕಾರಕ್ಕೆ ಕೃತಜ್ಞತೆ ಎಂದು. ಅದರಲ್ಲಿ ನನ್ನೊಬ್ಬಳದೇ ಹೆಸರು. ಆವತ್ತಿನಿಂದ ಅವನು ಚರ್ಚಿನಲ್ಲೂ ಬೇರೆ ಸಾಲಿನಲ್ಲಿ ಕೂರುತ್ತಾನೆ. ಬೋರ್ಡು ಬರೆದದ್ದು ನಾನೇ?

ಆಗಸ್ಟ್ 13, ಭಾನುವಾರ, ಬೆಳಿಗ್ಗೆ

ಹಾಳಾಯಿತು. ದೀಪ ಆರಲಿಲ್ಲ. ಗುಡ್ಡದ ಮೇಲೆ ಸಂತೆಯ ಬೆಳಕು. ಕತ್ತಲಿಗೆ ಕಣ್ಣು ಹೊಂದಲು ಎಷ್ಟೋ ಹೊತ್ತು ಬೇಕಂತೆ, ಒಂದು ಬಿಳಿ ದೀಪ ಬಿದ್ದರೆ ಮತ್ತೆ ಮೊದಲಿನಿಂದ. ಕಾಫಿ ಕುಡಿಯುವಾಗ ಯಾರೂ ನಗಲಿಲ್ಲ. ಗುಂಪಿನ ಅಧ್ಯಕ್ಷ ಕೋರ್ಟ್ನಿ ಕಾಗದ ತೆಗೆದು ಮೇಜಿನ ಮೇಲೆ ಹರಡಿದ. ಓದಲು ಬರುತ್ತದೆ ನನಗೆ, ಬೆರಳಿಟ್ಟು ತೋರಿಸಬೇಡ ಎಂದೆ.

ಡಾಂಬರು ರಸ್ತೆ ಪಕ್ಕದಲ್ಲಿ ರೂಮು ಬಾಡಿಗೆಗೆ ಕೊಡುವ ಗೆಸ್ಟ್ ಫಾರಮ್ಮಿನವರು ಇವರನ್ನು ಕರೆಯುತ್ತಿದ್ದಾರಂತೆ. ಆಕಾಶ ಇಷ್ಟು ಕಪ್ಪಿಲ್ಲ, ಆದರೆ ಜಗಳವಿಲ್ಲ, ಬಿಸಿನೀರಿದೆ. ಮುಂದಿನ ಶನಿವಾರ ಇನ್ನೊಂದು ಸಲ ನೋಡುತ್ತೇವೆ ಎಂದು ಹೋದರು. ಹೋಗುವಾಗ ಲಿಂಡೆಲ್ವಾ ಕೆಂಪು ಕಾಗದದ ಸುರುಳಿ ಕೊಟ್ಟಳು. ಗಾಜಿನಂಥ ಕಾಗದ. ಫ್ಲೋರಿಸನ ದೀಪಗಳಿಗೆ ಸುತ್ತಲು.

“ಟಾನಿ ಮಿಟಾ, ನೀವು ಹೇಳಿದ್ರೆ ಕೇಳ್ತಾರೆ,” ಎಂದಳು. ಅವಳಿಗೆ ನಾನು ಟಾನಿ, ದೊಡ್ಡಮ್ಮ.

ಯಾರು ಹೇಳಿದರೋ ಅವಳಿಗೆ.

ಆಗಸ್ಟ್ 16, ಬುಧವಾರ

ಹೋದೆ. ಬಾಗಿಲು ತೆಗೆದವನೇ ಫ್ಲೋರಿಸ್ ಕೇಳಿದ, “ಯಾರು ಸತ್ತರು?”

“ಯಾರೂ ಸತ್ತಿಲ್ಲ. ಒಳಗೆ ಕರೀತೀಯೋ, ಇಲ್ಲೇ ನಿಲ್ಲಿಸ್ತೀಯೋ?”

“ಬೋರ್ಡಲ್ಲಿ ಹೆಸರಿರೋರು ಬಂದಿದಾರೆ. ಬನ್ನಿ ಮೇಡಂ, ಬನ್ನಿ.”

ಕುರ್ಚಿ ಒರೆಸಿದ. ಮೇಜಿನ ಮೇಲೆ ಒಂದೇ ಕಾಫಿ ಲೋಟ. ನನ್ನ ಮನೆಯ ಹಾಗೇ. ಕಾಗದದ ಸುರುಳಿ ಮುಂದಿಟ್ಟೆ. ನೋಡಿದ. ಮುಟ್ಟಲಿಲ್ಲ.

“ನರಿ ಹೊಡೆಯೋರು ಕೆಂಪು ಬ್ಯಾಟರಿನೇ ಯಾಕೆ ಹಿಡೀತಾರೆ ಹೇಳು. ನರಿಗೆ ಕೆಂಪು ಕಾಣಲ್ಲ. ಇದನ್ನ ಸುತ್ತೋದೂ ಒಂದೇ, ದೀಪ ಆರಿಸೋದೂ ಒಂದೇ.”

ಗೊತ್ತು ನನಗೆ. ಕುರಿಯ ಹಿಂದೆ ಸವೆದವಳಿಗೆ ಗೊತ್ತಿರದೆ ಏನು? ಆದರೂ ಹೇಳಿದೆ — ಒಂದು ರಾತ್ರಿ ತಾನೇ, ನಿನ್ನ ನಾಯಿ ಇದೆಯಲ್ಲ ಎಂದು.

ಸುರುಳಿಯನ್ನು ತನ್ನ ಕಡೆ ಎಳೆದುಕೊಂಡ: “ಅವರು ಕೇಳಿದ್ರೆ ಸುತ್ತುತಿರ್ಲಿಲ್ಲ. ನೀನು ನನ್ನ ಬಾಗಿಲಿಗೆ ಬಂದಿದೀಯ. ಸುತ್ತುತೀನಿ.”

ಕಾಫಿ ಚೆನ್ನಾಗಿರಲಿಲ್ಲ. ಕುಡಿದೆ.

ಆಗಸ್ಟ್ 20, ಭಾನುವಾರ

ನರಿ ಬಂತು. ಅವಳಿ ಮರಿ ಎರಡೂ ಹೋದವು. ತಾಯಿ ಕುರಿಯ ಕುತ್ತಿಗೆ ಹರಿದಿತ್ತು, ಫ್ಲೋರಿಸನೇ ಅದನ್ನು ಮುಗಿಸಬೇಕಾಯಿತು.

ಅದೇ ಹೊತ್ತಿಗೆ ನನ್ನ ಅಡುಗೆಮನೆಯಲ್ಲಿ ಆಕಾಶದವರು. ಇಂಥ ರಾತ್ರಿ ವರ್ಷಗಳಿಂದ ಸಿಕ್ಕಿರಲಿಲ್ಲ ಎನ್ನುತ್ತಿದ್ದರು. ಕೋರ್ಟ್ನಿ ನನ್ನ ಭುಜ ತಟ್ಟಿದ. ಫ್ಲೋರಿಸ್ ಗೇಟಿನವರೆಗೆ ಬಂದ. ಒಳಗೆ ಬರಲಿಲ್ಲ. ಕೆಂಪು ಕಾಗದ ಮಡಚಿ ಕಂಬದ ಮೇಲಿಟ್ಟು, ಮೇಲೊಂದು ಕಲ್ಲಿಟ್ಟು ತಿರುಗಿ ಹೋದ. ಅಂಗಿಯ ತೋಳು ರಕ್ತವಾಗಿತ್ತು. ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ.

ಲಿಂಡೆಲ್ವಾ ಏನಾಯಿತು ಎಂದಳು. ಹೇಳಿದೆ. ನಷ್ಟ ಕಟ್ಟಿಕೊಡೋಣ ಎಂದ ಕೋರ್ಟ್ನಿ. ಎದ್ದು ಹೋಗಿ ಎಂದೆ. ಎದ್ದು ಹೋದರು. ರೊಟ್ಟಿ ಹಾಗೇ ಇದೆ.

ಆಗಸ್ಟ್ 31, ಗುರುವಾರ

ಕ್ಲಿನಿಕ್. ಬಿಪಿ ಮೊದಲಿಗಿಂತ ಜಾಸ್ತಿ. ಬರೆಯುತ್ತಿದ್ದೀರಾ ಎಂದಳು ಸಿಸ್ಟರ್. ಬರೆದದ್ದಕ್ಕೇ ಏರಿತು ಎಂದೆ.

ಫ್ಲೋರಿಸನ ದೀಪ ಮತ್ತೆ ಬಿಳಿ. ನನ್ನ ಕಿಟಕಿಯಿಂದ ಕಾಣುತ್ತವೆ. ಈ ಬಯಲಿನಲ್ಲಿ ಬೇರೆ ದೀಪವೇ ಇಲ್ಲ. ಆಕಾಶದವರಿಗೆ ಅದು ಕಸ. ನಾನು ಕುರ್ಚಿ ಕಿಟಕಿಯ ಕಡೆ ತಿರುಗಿಸಿಕೊಂಡಿದ್ದೇನೆ.

ಸೆಪ್ಟೆಂಬರ್ 2, ಶನಿವಾರ

ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ. ನನ್ನ ಅಂಗಳಕ್ಕೆ ಸುತ್ತ ಕಲ್ಲಿನ ಗೋಡೆ, ಆಳೆತ್ತರ. ಅಪ್ಪ ಕಟ್ಟಿದ್ದು, ನರಿಗೆಂದೇ. ಗೇಟು ಮುಚ್ಚಿದರೆ ಇಲಿಯೂ ನುಗ್ಗದು. ಆದರೆ ಅದು ಈಗ ಅಂಗಳವಲ್ಲ, ದಾರಿ. ದಾರಿಯಲ್ಲಿ ಕುರಿ ಕೂಡಿಹಾಕುವುದು ಯಾರಿಗೆ ಹೊಳೆದೀತು.

ಮತ್ತೆ ಹೋದೆ. ದೊಡ್ಡಿಯಲ್ಲಿದ್ದ. ಬೇಲಿಯ ಈಚೆಯಿಂದಲೇ ಹೇಳಿದೆ, ಈದ ಕುರಿ, ಈಯುವ ಕುರಿ ಎಲ್ಲ ನನ್ನ ಅಂಗಳಕ್ಕೆ ಹೊಡಿ ಎಂದು. ದೀಪ ಬೇಡ, ಗೋಡೆ ಇದೆ.

“ನಿನ್ನ ಆಕಾಶದವರು? ಮರಿಗಳ ಮೇಲೆ ಕಾರು ಓಡಿಸ್ತಾರಾ?”

“ಕಾರು ಗೇಟಿನ ಹೊರಗೆ ನಿಲ್ಲಲಿ. ಗೋಡೆ ಪಕ್ಕದಲ್ಲಿ ಕಾಲುದಾರಿ ಇದೆ, ನಡೆದು ಹೋಗಲಿ.”

“ಟೆಲಿಸ್ಕೋಪು? ಒಂದೊಂದು ಕರುವಿನಷ್ಟು ತೂಕ ಅವು.”

“ನಿನ್ನ ಕತ್ತೆಗಾಡಿ ಆ ದಾರೀಲಿ ಹಿಡಿಯುತ್ತೆ.”

ನನ್ನ ಮುಖ ನೋಡಿದ. ಎರಡು ಮರಿ ನನ್ನಿಂದ ಹೋದವು ಎಂದೆ. ಹೂಂ ಎಂದ. ಅಷ್ಟೇ. ಬೇಲಿಯ ತಂತಿ ಬಿಗಿ ಮಾಡುತ್ತ ನಿಂತ. ಆಮೇಲೆ ಆ ಕಡೆ ತಿರುಗಿಕೊಂಡೇ ಹೇಳಿದ:

“ನನ್ನ ಕತ್ತೆಗಳಿಗೆ ಹೆಡ್‌ಲೈಟ್ ಇಲ್ಲ. ಅವರಿಗೆ ಇನ್ನೇನು ಬೇಕಂತೆ?”

ಸೆಪ್ಟೆಂಬರ್ 5, ಮಂಗಳವಾರ

ಗಾಳಿ ಪಂಪಿನ ದಿಬ್ಬ ಹತ್ತಿ ಫೋನ್ ಮಾಡಿದೆ, ಅಲ್ಲಿ ಮಾತ್ರ ಸಿಗ್ನಲ್. ಲಿಂಡೆಲ್ವಾ ಒಳ್ಳೆಯ ಮಾತಾಡಿದಳು. ಒಳ್ಳೆಯ ಮಾತು ಕೇಳಿದರೆ ನನಗೆ ಭಯ. ವಯಸ್ಸಾದ ಸದಸ್ಯರಿದ್ದಾರಂತೆ. ಟೆಲಿಸ್ಕೋಪಿನ ಕನ್ನಡಿಗಳು ಕತ್ತೆಗಾಡಿಯಲ್ಲಿ ಅಲುಗಿ ಕೆಡುತ್ತವಂತೆ. ಕೋರ್ಟ್ನಿ ಫೋನ್ ತಗೊಂಡು, ಕಾಗದದಲ್ಲಿ ಕಾರು ಓಡಿಸುವ ಹಕ್ಕು ಸ್ಪಷ್ಟವಾಗಿದೆ ಎಂದ. ಕಮಿಟಿಯಲ್ಲಿ ನೋಡುತ್ತೇವೆ ಎಂದ. ಯಾವಾಗ ಎಂದರೆ, ನೋಡೋಣ ಎಂದ. ಮುಂದಿನ ಅಮಾವಾಸ್ಯೆ ಹದಿನೈದಕ್ಕೆ. ನಾನು ಕೂಗಿದೆ. ಅಷ್ಟರಲ್ಲಿ ಸಿಗ್ನಲ್ ಹೋಗಿತ್ತು. ಎಷ್ಟು ಕೇಳಿಸಿತೋ.

ಸೆಪ್ಟೆಂಬರ್ 7, ಗುರುವಾರ

ಕುರಿಗಳು ಬಂದವು. ಅಂಗಳದ ತುಂಬ. ಬೂಟಿನ ಗುರುತೆಲ್ಲ ಗೊರಸಿನಡಿ ಹೋಯಿತು. ಫ್ಲೋರಿಸ್ ಬೆಳಿಗ್ಗೆ ಬರುತ್ತಾನೆ, ಮೇವು ಹಾಕುತ್ತಾನೆ, ಹೋಗುತ್ತಾನೆ. ಕಾಫಿಗೆ ಕರೆದೆ. ನಿನ್ನ ಕಾಫಿಗಿಂತ ನಂದೇ ವಾಸಿ ಎಂದ. ಕುಡಿದ.

ರಾತ್ರಿ ಅವನ ದೀಪ ಇಲ್ಲ. ಕುರಿ ಇಲ್ಲದ ದೊಡ್ಡಿಗೆ ದೀಪ ಯಾಕೆ. ಕಿಟಕಿಯಲ್ಲಿ ಏನೂ ಕಾಣುವುದಿಲ್ಲ. ಅವರು ಕೇಳಿದ ಕತ್ತಲೆ ಇದೇ. ಸಿದ್ಧವಾಗಿದೆ. ನೋಡಲು ಅವರಿಲ್ಲ.

ಸೆಪ್ಟೆಂಬರ್ 8, ಶುಕ್ರವಾರ, ಸಂಜೆ

ಇನ್ನೂ ಉತ್ತರವಿಲ್ಲ. ನಾಳೆ ಬೆಳಿಗ್ಗೆ ಪಂಪಿನ ದಿಬ್ಬ ಹತ್ತಿ ಮತ್ತೆ ಫೋನು. ಈ ಸಲ ಕೂಗುವುದಿಲ್ಲ. ಹೇಳುವುದನ್ನು ಇಲ್ಲೇ ಬರೆದುಕೊಂಡು ಓದುತ್ತೇನೆ.

ಕೋರ್ಟ್ನಿ, ಮಿಟಾ ಯಾಫ್ತಾ ಮಾತಾಡುತ್ತಿರುವುದು. ಕಾಗದದಲ್ಲಿ ಹಕ್ಕು ನಿಮ್ಮದೇ. ಗೇಟಿಗೆ ಬೀಗ ಹಾಕುವುದಿಲ್ಲ. ಆದರೆ ಅಂಗಳದಲ್ಲಿ ಮರಿಗಳಿವೆ, ಕಾರು ತರುವುದಾದರೆ ಮೊದಲು ನಾನು ಅಡ್ಡ ನಿಂತಿರುತ್ತೇನೆ. ಮರಿಗಳಿಗೆ ಕಾಲು ಗಟ್ಟಿಯಾಗುವವರೆಗೆ ಮಾತ್ರ ಇದು. ಆಮೇಲೆ ದಾರಿ ನಿಮ್ಮದು. ಕತ್ತೆಗಾಡಿಯಲ್ಲಿ ನನ್ನ ಹಾಸಿಗೆ ಹಾಸುತ್ತೇನೆ, ಕನ್ನಡಿ ಅಲುಗುವುದಿಲ್ಲ. ನಡೆಯಲಾಗದವರನ್ನೂ ಫ್ಲೋರಿಸ್ ಕೂರಿಸಿಕೊಳ್ಳುತ್ತಾನೆ. ಅವನ ಹೆಸರು ಫ್ಲೋರಿಸ್ ಎಸೌ, ಬರೆದುಕೊಳ್ಳಿ.

ಬಿಸಿನೀರು ಬೇಕಿದ್ದರೆ ಆ ಗೆಸ್ಟ್ ಫಾರಮ್ಮಿಗೇ ಹೋಗಿ. ಹೋಗುವುದಾದರೆ ಹೇಳಿ ಹೋಗಿ. ಕಮಿಟಿ, ನೋಡೋಣ, ಯೋಚಿಸೋಣ ಬೇಡ. ನಾನು ಗೇಟು ನೋಡುತ್ತ ಕೂರುವವಳಲ್ಲ —

ಇದು ಬೇಡ. ಇದನ್ನು ಓದುವುದಿಲ್ಲ.

ನಡೆದು ಬರುತ್ತೀರೋ, ಇಲ್ಲವೋ. ಸೋಮವಾರ, ಹನ್ನೊಂದನೇ ತಾರೀಕಿನೊಳಗೆ ಹೇಳಿ.