ಡಬ್ಬಿ ತುಂಬ ಬುದಯ್ಯದ ಮರಳು

ಬುದಯ್ಯ, ಬಹರೈನ್

ಮಾಮನ ಫ್ಲೆನ್ಸಿಗೆ,

ಶುಕ್ರವಾರ ನೀನು ಪಪ್ಪನ ಸಮಾಧಿ ನೋಡಲು ವಿಮಾನ ಹತ್ತುವ ಮೊದಲು ಈ ಕಾಗದ ನಿನ್ನ ಕೈ ಸೇರಲೇಬೇಕು. ಅದಕ್ಕೇ ರಜೆಯಲ್ಲಿ ಊರಿಗೆ ಹೊರಟ ನರ್ಸ್ ರೋಜಿಯ ಹತ್ತಿರ ಕೊಟ್ಟಿದ್ದೇನೆ. ಫೋನಿನಲ್ಲಿ ಹೇಳಹೊರಟರೆ ನನ್ನ ನಾಲಗೆ ಮತ್ತೊಂದು ಸುಳ್ಳು ಪೋಣಿಸುತ್ತದೆ. ಪೆನ್ನಿಗೆ ಸ್ವಲ್ಪ ನಾಚಿಕೆ ಇದೆ.

ಏಳನೇ ಕ್ಲಾಸು ಓದಿದ ನಿನ್ನ ಲಿಗೋರಿ ಮಾಮ ಫ್ರೆಂಚ್ ಮೇಡಂಗೂ ಅವರ ಗಂಡ ಅಮೆರಿಕದ ಸಾಹೇಬರಿಗೂ ಒಂದೇ ಒಲೆಯಲ್ಲಿ ಅಡುಗೆ ಮಾಡುವವನು. ನನ್ನ ಕೋರಿರೊಟ್ಟಿ ತಿಂದ ಮೇಲೆ ಆ ಎರಡು ದೇಶಗಳು ಜಗಳವಾಡಿದ್ದನ್ನು ನಾನು ನೋಡಿಲ್ಲ. ಇಷ್ಟು ಮಾತ್ರ ನಿಜ, ಬೇಕಾದರೆ ಬಂದಾಗ ಕೇಳು.

ಫ್ರೆಂಚ್ ಮೇಡಂ ಹೆಸರು ಓದಿಲ್. ಅವರ ಊರಿನ ಪಕ್ಕದಲ್ಲಿ, ಫ್ರಾನ್ಸನ್ನು ಬಿಡಿಸಲು ಬಂದು ಯುದ್ಧದಲ್ಲಿ ಸತ್ತ ಅಮೆರಿಕದ ಹುಡುಗರ ದೊಡ್ಡ ಸ್ಮಶಾನವಿದೆಯಂತೆ. ಅಲ್ಲಿಯ ಮನೆಯವರು ಒಬ್ಬೊಬ್ಬ ಸೈನಿಕನ ಸಮಾಧಿಯನ್ನು ದತ್ತು ತೆಗೆದುಕೊಂಡು, ಎಂದೂ ಮುಖ ನೋಡದವನಿಗೆ ವರ್ಷ ವರ್ಷ ಹೂ ಇಡುತ್ತಾರೆ. ನಮ್ಮ ವಾಲ್ಟ್ ಸಾಹೇಬರು ತಮ್ಮ ಅಜ್ಜನ ತಮ್ಮನ ಸಮಾಧಿ ಹುಡುಕಿಕೊಂಡು ಹೋದಾಗ ಆ ಕಲ್ಲಿನ ಮುಂದೆ ಒದ್ದೆ ಮರಳು ಹಿಡಿದು ಮೊಣಕಾಲೂರಿದ್ದವರು ಈ ಮೇಡಂ. ಕೊರೆದ ಅಕ್ಷರಕ್ಕೆ ಸಮುದ್ರದ ಮರಳು ಉಜ್ಜಿದರೆ ಹೆಸರು ಎದ್ದು ಕಾಣುತ್ತದಂತೆ. ಅವರ ಮದುವೆಯ ಮಾತು ಅಲ್ಲಿಂದಲೇ ಶುರುವಾದದ್ದು.

ಇದನ್ನು ಕೇಳಿ ಸುಮ್ಮನಿರುವವನೇ ನಾನು? "ಅದೇನು ಮಹಾ ಮೇಡಂ! ನಾನು ಐದು ವರ್ಷದಿಂದ ನಮ್ಮ ಭಾವನ ಸಮಾಧಿಗೆ ವಾರ ವಾರ ಹೂ ಇಡ್ತೇನೆ" ಎಂದೆ. "ಹಾಗಾದರೆ ಈ ವಾರ ನಾನೂ ಬರುತ್ತೇನೆ" ಎಂದರು.

ಫ್ಲೆನ್ಸಿ, ನಾನು ಹೋಗುತ್ತಿದ್ದದ್ದು ವರ್ಷಕ್ಕೊಮ್ಮೆ. ಅದೂ ಬೇರೆ ಯಾರದೋ ಸಮಾಧಿಗೆ.

ಕೊರೋನದಲ್ಲಿ ನಿನ್ನ ಪಪ್ಪನನ್ನು ಇಲ್ಲೇ ಮಣ್ಣು ಮಾಡಿದ ದಿನ ಒಳಗೆ ಬಿಟ್ಟದ್ದು ನನ್ನೊಬ್ಬನನ್ನೇ. ಹೆಸರಿನ ತಗಡು ಹಾಕುತ್ತೇವೆ ಎಂದರು. ನಾನು ಜಂಬದಿಂದ ಬೇಡವೆಂದೆ. ಡಿಕ್ಸನ್ ಭಾವನಿಗೆ ನನ್ನ ಕೈಯಾರೆ ಶಿಲುಬೆ ಮಾಡುತ್ತೇನೆ ಎಂದೆ. ಸಾಮಾನಿನ ಪೆಟ್ಟಿಗೆಯ ಹಲಗೆಯಲ್ಲಿ ಮಾಡಿ, ಹೆಸರು ಬರೆದು ನೆಟ್ಟೆ. ಒಂದು ಬೇಸಿಗೆ ಅದನ್ನು ತಿಂದುಹಾಕಿತು. ಸತ್ತವರ ಹಬ್ಬಕ್ಕೆ ಹೋದಾಗ ಶಿಲುಬೆಯೂ ಇಲ್ಲ, ಜಾಗವೂ ಗೊತ್ತಾಗಲಿಲ್ಲ. ನಿನ್ನ ಮಮ್ಮಿ, ನನ್ನ ವಾಯೊಲೆಟ್ ಅಕ್ಕ, ಫೋಟೋ ಕೇಳಿದ್ದಳು. ಯಾರದೋ ಗ್ರಾನೈಟ್ ಕಲ್ಲಿನ ಹೆಸರು ಮುಚ್ಚುವಷ್ಟು ಗೊಂಡೆಹೂ ಸುರಿದು ಫೋಟೋ ಹೊಡೆದೆ. ಅವಳು ಅದಕ್ಕೆ ಚೌಕಟ್ಟು ಹಾಕಿಸಿ ಮನೆಯ ಅಲ್ತಾರಿನಲ್ಲಿ ದೇವರ ಪಕ್ಕ ಇಟ್ಟಳಲ್ಲ, ಆಮೇಲೆ ನಿಜ ಹೇಳುವ ಬಾಯಿ ನನಗೆ ಎಲ್ಲಿಂದ ಬರಬೇಕು?

ಮೇಡಂ ಬುದಯ್ಯದ ಕಡಲತೀರದಿಂದ ಬಿಸ್ಕತ್ತಿನ ಡಬ್ಬಿಯಲ್ಲಿ ಮರಳು ತುಂಬಿಕೊಂಡು ಬಂದರು, ನಿನ್ನ ಪಪ್ಪನ ಹೆಸರಿಗೆ ಉಜ್ಜಲು. ಉಜ್ಜಲು ಹೆಸರೇ ಇರಲಿಲ್ಲ. ಸ್ಮಶಾನದ ಕಾವಲಿನ ಫಾಯಿಝ್ ನನ್ನನ್ನು ಗುರುತು ಹಿಡಿದ. "ಆ ದಿನ ಈ ಸಾಲಿನಲ್ಲಿ ಮೂವರನ್ನು ಹೂತೆವು, ಭಾಯಿ. ಉಳಿದಿಬ್ಬರ ಹೆಸರು ಹೇಳಲೂ ಯಾರೂ ಇರಲಿಲ್ಲ. ತಗಡು ಬೇಡ ಅಂದದ್ದು ನೀವೇ ಅಲ್ವಾ?" ಎಂದ. ಮೂರು ದಿಬ್ಬ, ಮೂರೂ ಒಂದೇ ತರ. ಭಾವನನ್ನು ಈ ದೇಶಕ್ಕೆ ಕರೆಸಿದವನು ನಾನು. ಅವರು ಮಲಗಿದ ಜಾಗ ತೋರಿಸಲಾರದವನೂ ನಾನೇ. "ಲಿಗೋರಿ, ನೀನು ಸುಳ್ಳು ಹೇಳಿದರೂ ರುಚಿಯಾಗಿ ಹೇಳ್ತಿ ಮಾರಾಯ" ಎಂದು ಭಾವ ನಗುತ್ತಿದ್ದರು. ಅಲ್ಲಿ ನಿಂತು ಆ ನಗೆಯನ್ನು ಕಿವಿಯಲ್ಲಿ ಹುಡುಕಿದೆ. ಯಾವ ದಿಬ್ಬದಿಂದಲೂ ಬರಲಿಲ್ಲ.

ಮೇಡಂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅವರ ಕಡೆಯೂ ಹೆಸರು ತಿಳಿಯದ ಅಮೆರಿಕದ ಹುಡುಗರಿದ್ದಾರಂತೆ. ಆ ಕಲ್ಲುಗಳ ಮೇಲೆ ಇವನು ಯಾರೆಂದು ದೇವರಿಗಷ್ಟೇ ಗೊತ್ತು ಎಂದು ಕೊರೆದಿದೆಯಂತೆ. ಅವರ ತಾಯಿ ಮೊದಲು ಹೂ ಇಡುತ್ತಿದ್ದದ್ದು ಅಂಥವರಿಗೇ. ಇಷ್ಟು ಹೇಳಿ ಮೂರು ದಿಬ್ಬಕ್ಕೂ ಹೂ ಹಂಚಿದರು. ಮರಳಿನ ಡಬ್ಬಿಯನ್ನು ನನ್ನ ಕೈಯಲ್ಲೇ ಬಿಟ್ಟರು. ಅದು ಈಗ ಅಡುಗೆಮನೆಯಲ್ಲಿ ಉಪ್ಪಿನ ಪಕ್ಕದಲ್ಲಿದೆ.

ಏರ್‌ಪೋರ್ಟಿನಲ್ಲಿ ಎಲ್ಲರೆದುರು ನನಗೆ ಹೊಡೆ, ಮಗಳೇ. ಆದರೆ ಬರುವುದನ್ನು ಬಿಡಬೇಡ. ಇದೇ ಎಂದು ಒಂದು ದಿಬ್ಬ ತೋರಿಸಿ ನಿನ್ನನ್ನು ಅಳುವಂತೆ ಮಾಡುವುದು ನನಗೆ ಸುಲಭ. ಆ ಸುಲಭಕ್ಕೆ ಹೆದರಿಯೇ ಇದನ್ನು ಬರೆದೆ. ಬರುವಾಗ ಮಲ್ಲಿಗೆ ಮೂರು ಚೆಂಡು ತಾ. ಒಂದು ಸಾಲದು.

ದೇವರು ನಿನಗೆ ನಿನ್ನ ಪಪ್ಪನ ನಗೆ ಕೊಡಲಿ, ನನ್ನ ನಾಲಗೆ ಕೊಡದಿರಲಿ.

ಗೇಟಿನ ಹೊರಗೆ ತಲೆ ತಗ್ಗಿಸಿ ಕಾಯುವ,
ನಿನ್ನ ಲಿಗೋರಿ ಮಾಮ